ಕಲ್ಲಿನ ಬಳ್ಳಿ, ಹೊಲದ ಗಿಡ

ಅರಸೀಕೆರೆಯ ರೈಲು ಜಂಕ್ಷನ್ನಿನಲ್ಲಿ ಇಳಿದು, ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಸಾಗುವ ಪ್ರವಾಸಿಗರ ಮನಸ್ಸೆಲ್ಲ ಮುಂದೆ ಕಾಣಲಿರುವ ದೇವಾಲಯಗಳ ಮೇಲೆಯೇ ನೆಟ್ಟಿರುತ್ತದೆ. ದಾರಿಯ ಇಕ್ಕೆಲಗಳನ್ನು ನೋಡುವವರು ವಿರಳ. ಅರಸೀಕೆರೆಯ ಸುತ್ತಿನ ತೆಂಗಿನ ತೋಟಗಳು ಹಿಂದೆ ಸರಿಯುತ್ತವೆ. ಗಾಳಿಯಲ್ಲಿ ಮೆಲ್ಲಮೆಲ್ಲನೆ ಮಲೆನಾಡಿನ ತಂಪು ಸೇರಿಕೊಳ್ಳುತ್ತದೆ. ಹಳೇಬೀಡು ಹತ್ತಿರವಾಗುತ್ತಿದ್ದಂತೆ ಜೋಳ, ಶುಂಠಿ, ಆಲೂಗಡ್ಡೆಗಳ ಹೊಲಗಳು ಒಂದರ ಮಗ್ಗುಲಿಗೆ ಒಂದು ಹಾಸಿಕೊಂಡಿರುತ್ತವೆ. ಮುಂಗಾರಿನ ಮೊದಲ ಮಳೆಗಳ ಜೊತೆಗೆ ನೆಟ್ಟ ಆಲೂಗಡ್ಡೆ ಜುಲೈ ತಿಂಗಳ ಹೊತ್ತಿಗೆ ಹೊಲವನ್ನೆಲ್ಲ ಹಸಿರಿನಿಂದ ಮುಚ್ಚಿಬಿಡುತ್ತದೆ. ಪೇಟೆಯ ಮನೆಗಳಲ್ಲಿ ದೋಸೆಯ ಒಳಗೆ ಪಲ್ಯವಾಗಿ ಕುಳಿತುಕೊಳ್ಳುವ ಆ ಗಡ್ಡೆಯ ಬಾಲ್ಯ ಕಳೆಯುವುದು ಇಂತಹ ಹೊಲಗಳಲ್ಲಿ.

ಆ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಬೇರೆಯಾಗಿ ಕಾಣುವುದುಂಟು. ಅದು ಒಣಗಿರುವುದಿಲ್ಲ, ಕೊಳೆತಿರುವುದಿಲ್ಲ, ಹುಳು ತಿಂದ ಗುರುತೂ ಇರುವುದಿಲ್ಲ. ಕೆಳಗಿನ ಎಲೆಗಳು ಅಂಚಿನಿಂದ ಮೇಲಕ್ಕೆ ಸುರುಳಿಯಾಗಿ, ದೊನ್ನೆಯಂತೆ ಮಡಿಚಿಕೊಂಡು, ಮುಟ್ಟಿದರೆ ಕಾಗದದಂತೆ ಸದ್ದು ಮಾಡುತ್ತವೆ. ಗಿಡ ಕೊಂಚ ಗಿಡ್ಡ. ಬಣ್ಣ ಕೊಂಚ ಬಿಳಿಚು. ಅಷ್ಟೇ. ಆದರೆ ಅಗೆದು ನೋಡಿದಾಗ ಮುಷ್ಟಿಗಾತ್ರದ ಗಡ್ಡೆಗಳಿರಬೇಕಾದ ಕಡೆ ಗೋಲಿಗಾತ್ರದವು ನಾಲ್ಕು ಸಿಕ್ಕುತ್ತವೆ. ಸಾಲ ಮಾಡಿ ಬಿತ್ತನೆ ತಂದ ರೈತ ಆ ಗೋಲಿಗಳನ್ನು ಅಂಗೈಯಲ್ಲಿಟ್ಟುಕೊಂಡು ನಿಲ್ಲುತ್ತಾನೆ. ಔಷಧದ ಅಂಗಡಿಗೆ ಹೋಗಿ ರೋಗಕ್ಕೆ ಏನಾದರೂ ಕೊಡಿ ಎನ್ನುತ್ತಾನೆ. ಅಂಗಡಿಯಲ್ಲಿ ಏನಾದರೊಂದು ದೊರೆಯದೆ ಇರುವುದಿಲ್ಲ. ಸಿಂಪಡಿಸಿದ್ದೂ ಆಗುತ್ತದೆ. ಆದರೆ ಸುರುಳಿಯಾದ ಎಲೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ.

ಅಂಗಮಾರಿ ರೋಗ ಬಂದಾಗ ಸಕಾಲದಲ್ಲಿ ಸಿಂಪಡಿಸಿದ ಔಷಧವು ಹೊಲವನ್ನು ಉಳಿಸಿಕೊಟ್ಟುದನ್ನು ಅದೇ ರೈತ ಕಂಡಿರುತ್ತಾನೆ. ಅಲ್ಲಿ ಫಲಿಸಿದ ಉಪಾಯ ಇಲ್ಲೇಕೆ ಫಲಿಸಲಿಲ್ಲ? ಎಲೆಸುರುಳಿ ರೋಗವನ್ನು ತರುವುದು ಒಂದು ವೈರಸ್. ಅಂಗಮಾರಿಯನ್ನು ತರುವುದು ಶಿಲೀಂಧ್ರವನ್ನು ಹೋಲುವ ಒಂದು ಜೀವಿ. ಜೀವಿಯನ್ನು ಕೊಲ್ಲಬಹುದು. ವೈರಸ್ಸನ್ನು ಕೊಲ್ಲುವುದೆಂದರೇನು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಅದು ಗಿಡದ ಜೀವಂತ ಕೋಶಕ್ಕಿಂತ ಯಾವ ಬಗೆಯಲ್ಲಿ ಬೇರೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಜೀವಕೋಶವನ್ನು ಒಂದು ಪಟ್ಟಣಕ್ಕೆ ಹೋಲಿಸುವುದು ಅಧ್ಯಾಪಕರ ಹಳೆಯ ಪದ್ಧತಿ. ಹಳೇಬೀಡಿನಲ್ಲಿ ನಿಂತು ಹೋಲಿಸುವುದಾದರೆ ಅದಕ್ಕೆ ದೋರಸಮುದ್ರವೇ ಸರಿಯಾದ ಉಪಮಾನ. ಹೊಯ್ಸಳರ ರಾಜಧಾನಿಯಾಗಿದ್ದ ಆ ನಗರಕ್ಕೆ ಕೋಟೆಯಿತ್ತು, ಕೆರೆಯಿತ್ತು, ಬೀದಿಗಳಿದ್ದವು, ಕಣಜಗಳಿದ್ದವು, ಅರಮನೆಯಿತ್ತು, ಕುಶಲಕರ್ಮಿಗಳಿದ್ದರು. ಆಲೂಗಡ್ಡೆಯ ಎಲೆಯ ಒಂದು ಕೋಶದಲ್ಲಿಯೂ ಇವೆಲ್ಲಕ್ಕೆ ಸರಿಸಾಟಿಯಾದುವು ಇವೆ. ಸೆಲ್ಯುಲೋಸಿನಿಂದ ಕಟ್ಟಿದ ಕೋಶಭಿತ್ತಿಯೇ ಕೋಟೆ. ಅದರ ಒಳಮಗ್ಗುಲಿಗೆ, ಯಾವುದನ್ನು ಒಳಗೆ ಬಿಡಬೇಕು ಯಾವುದನ್ನು ಬಿಡಬಾರದು ಎಂದು ಆರಿಸುವ ತೆಳುವಾದ ಪೊರೆ. ನಡುವೆ ನೀರು ತುಂಬಿದ ದೊಡ್ಡ ರಸದಾನಿ. ಅದು ಕೋಶದ ಕೆರೆ. ಸೂರ್ಯನ ಬೆಳಕನ್ನು ಹಿಡಿದು ನೀರು ಮತ್ತು ಇಂಗಾಲಾಮ್ಲದಿಂದ ಸಕ್ಕರೆಯನ್ನು ಮಾಡುವ ಹಸಿರು ಕಣಗಳು ಅಡುಗೆಮನೆಗಳು. ಆ ಸಕ್ಕರೆಯನ್ನು ಉರಿಸಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳು ಒಲೆಗಳು. ಕೋಶಕೇಂದ್ರ ಅರಮನೆ, ಅಲ್ಲಿನ ಭಂಡಾರದಲ್ಲಿ ಡಿ.ಎನ್.ಎ. ಎಂಬ ರೂಪದಲ್ಲಿ ನಗರದ ಎಲ್ಲ ಶಾಸನಗಳನ್ನೂ ಬರೆದಿಡಲಾಗಿದೆ. ಶಾಸನದ ನಕಲು ಆರ್.ಎನ್.ಎ. ಎಂಬ ಓಲೆಯಾಗಿ ಹೊರಬರುತ್ತದೆ. ಆ ಓಲೆಯನ್ನು ಓದಿ, ಅದರಲ್ಲಿ ಹೇಳಿದಂತೆ ಪ್ರೋಟೀನುಗಳನ್ನು ಕಡೆದು ಕೊಡುವ ಶಿಲ್ಪಿಗಳು ರೈಬೋಸೋಮುಗಳು. ಅವು ಒಂದೊಂದು ಕೋಶದಲ್ಲಿಯೂ ಲಕ್ಷಗಟ್ಟಲೆ ಇವೆ.

ಇಂತಹ ನಗರ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅದು ಆಹಾರವನ್ನು ಪಡೆಯುತ್ತದೆ, ಶಕ್ತಿಯನ್ನು ವ್ಯಯಿಸುತ್ತದೆ, ಕೆಟ್ಟುದನ್ನು ಸರಿಪಡಿಸುತ್ತದೆ, ಬೆಳೆಯುತ್ತದೆ, ಬೆಳೆದು ಎರಡಾಗಿ ಒಡೆಯುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಕೋಣೆಗಳಿಗೆ ಹೆಸರಿಟ್ಟಾಗ ಅವನು ಕಂಡದ್ದು ಬರಿದಾದ ಗೋಡೆಗಳನ್ನು. ಮನೆಯವರು ಹೋದ ಮೇಲಿನ ಮನೆಯನ್ನು. 1838ರಲ್ಲಿ ಷ್ಲೈಡನ್ ಎಂಬ ಜರ್ಮನ್ ವಿದ್ವಾಂಸನು ಗಿಡವೆಂಬುದು ಪೂರ್ತಿಯಾಗಿ ಕೋಶಗಳಿಂದಲೇ ಕಟ್ಟಿದ್ದು ಎಂದು ಸಾರಿದನು. 1958ರಲ್ಲಿ ಸ್ಟೀವರ್ಡ್ ಮತ್ತು ಅವನ ಸಹಾಯಕರು ಗಜ್ಜರಿಯ ಬಿಡಿ ಕೋಶಗಳನ್ನು ದ್ರವದಲ್ಲಿ ಪೋಷಿಸಿ ಅವುಗಳಿಂದ ಮತ್ತೆ ಗಜ್ಜರಿಯ ಗಿಡಗಳನ್ನು ಬೆಳೆಸಿ ತೋರಿಸಿದರು. ಒಂದು ಜೀವಂತ ಕೋಶದಲ್ಲಿ ಇಡಿಯ ಗಿಡವನ್ನೇ ಮತ್ತೆ ಕಟ್ಟುವ ಸಾಮರ್ಥ್ಯ ಅಡಗಿದೆ ಎಂಬುದು ಹಾಗೆ ಕೈಗೆಟುಕಿದ ಸತ್ಯವಾಯಿತು.

ಈಗ ವೈರಸ್ಸಿನ ಕಡೆಗೆ ತಿರುಗಬಹುದು. ಅದರ ಕಥೆ ಆರಂಭವಾದುದು ಮನುಷ್ಯನ ರೋಗದಿಂದಲ್ಲ, ಹೊಗೆಸೊಪ್ಪಿನ ಎಲೆಯಿಂದ. 1886ರಲ್ಲಿ ಹಾಲೆಂಡಿನ ಅಡಾಲ್ಫ್ ಮೇಯರ್, ಎಲೆಗಳ ಮೇಲೆ ತಿಳಿಹಸಿರು ಕಡುಹಸಿರುಗಳ ಮಚ್ಚೆ ಮೂಡಿಸುವ ಒಂದು ಹೊಗೆಸೊಪ್ಪಿನ ರೋಗಕ್ಕೆ ಮೊಸಾಯಿಕ್ ಎಂದು ಹೆಸರಿಟ್ಟು, ರೋಗದ ಗಿಡದ ರಸದಿಂದ ಆರೋಗ್ಯದ ಗಿಡಕ್ಕೆ ಅದು ಅಂಟುತ್ತದೆಂದು ತೋರಿಸಿದನು. 1892ರಲ್ಲಿ ರಷ್ಯದ ಇವಾನೋವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಗಳೂ ನುಸುಳಲಾರದ ಪಿಂಗಾಣಿಯ ಸೋಸುಕದಲ್ಲಿ ಸೋಸಿದನು. ಸೋಸಿದ ರಸವೂ ರೋಗವನ್ನು ತಂದಿತು. 1898ರಲ್ಲಿ ಬೈಯರಿಂಕ್ ಎಂಬ ಡಚ್ ವಿಜ್ಞಾನಿ ಇದು ಬ್ಯಾಕ್ಟೀರಿಯವಲ್ಲ, ಬೇರೆಯೇ ಒಂದು ವಸ್ತು, ಜೀವಂತ ಕೋಶಗಳೊಳಗೆ ಮಾತ್ರ ಹೆಚ್ಚುವಂಥದು ಎಂದು ತೀರ್ಮಾನಿಸಿ, ವಿಷ ಎಂಬ ಅರ್ಥದ ಲ್ಯಾಟಿನ್ ಮಾತಾದ ವೈರಸ್ ಎಂಬುದನ್ನೇ ಅದಕ್ಕೆ ಬಳಸಿದನು. 2020ರಲ್ಲಿ ಮನೆಮನೆಯ ಮಕ್ಕಳ ಬಾಯಿಗೂ ಬಂದ ಆ ಶಬ್ದ ಹೊಗೆಸೊಪ್ಪಿನ ತೋಟದಲ್ಲಿ ಈಗಿನ ಅರ್ಥವನ್ನು ಪಡೆಯಿತೆಂಬುದು ಹಲವರಿಗೆ ಹೊಸ ಸಂಗತಿಯಾದೀತು.

ನಿಜವಾದ ಬೆರಗು ಕಾದಿದ್ದುದು 1935ರಲ್ಲಿ. ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಸುಮಾರು ಒಂದು ಟನ್ ರೋಗದ ಎಲೆಗಳನ್ನು ಅರೆದು, ಸೋಸಿ, ಶುದ್ಧಮಾಡಿ, ಕೊನೆಗೆ ಚಮಚದಷ್ಟು ಬಿಳಿಯ ಹರಳುಗಳನ್ನು ಪಡೆದನು. ಉಪ್ಪಿನ ಹರಳು, ಸಕ್ಕರೆಯ ಹರಳು ಇದ್ದಂತೆಯೇ ಅವು. ಸೀಸೆಯಲ್ಲಿ ಹಾಕಿ ಬಿರಡೆ ಜಡಿದಿಟ್ಟರೆ ಅವು ಉಸಿರಾಡಲಿಲ್ಲ, ತಿನ್ನಲಿಲ್ಲ, ಹೆಚ್ಚಲಿಲ್ಲ, ಸಾಯಲಿಲ್ಲ. ಆದರೆ ನೀರಿನಲ್ಲಿ ಕರಗಿಸಿ ಹೊಗೆಸೊಪ್ಪಿನ ಎಲೆಗೆ ಉಜ್ಜಿದೊಡನೆ ರೋಗ ಮರುಕಳಿಸಿತು. ಮರುವರ್ಷವೇ ಇಂಗ್ಲೆಂಡಿನ ಬಾಡನ್ ಮತ್ತು ಪಿರಿ ಎಂಬವರು ಆ ಹರಳುಗಳಲ್ಲಿ ಪ್ರೋಟೀನಿನ ಜೊತೆಗೆ ಆರ್.ಎನ್.ಎ. ಕೂಡ ಇದೆಯೆಂದು ತಿದ್ದಿದರು. ಸ್ಟ್ಯಾನ್ಲಿಗೆ 1946ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಒಂದು ಪಾಲು ಸಂದಿತು. ಬಹುಮಾನ ರಸಾಯನಶಾಸ್ತ್ರಕ್ಕೆ ಸೇರಿದುದಾಗಿತ್ತೆಂಬುದನ್ನು ಗಮನಿಸಬೇಕು.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಈ ಸಂಗತಿಯನ್ನು ನೆನೆದರೆ ಮನಸ್ಸಿಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರ ತಲೆಯ ಮೇಲೆ ಬಳ್ಳಿಗಳು ಚಪ್ಪರವಾಗಿ ಹಬ್ಬಿವೆ. ಒಂದೊಂದು ಎಲೆಯ ನರವನ್ನೂ ಎಣಿಸಬಹುದು. ಬಳಪದ ಕಲ್ಲಿನಲ್ಲಿ ಬಿಡಿಸಿದ ಆ ಬಳ್ಳಿಗೆ ಬಳ್ಳಿಯ ರೂಪವೆಲ್ಲ ಇದೆ. ಒಂಬೈನೂರು ವರ್ಷಗಳಾದರೂ ಬಾಡಿಲ್ಲ. ಆದರೆ ಅದು ಒಂದು ಎಲೆಯನ್ನೂ ಚಿಗುರಿಸಲಾರದು. ಕಲ್ಲಿನ ಬಳ್ಳಿಯ ಬಾಳಿಕೆಗೂ ಹೊಲದ ಬಳ್ಳಿಯ ಬಾಳಿಗೂ ಇರುವ ಅಂತರವನ್ನು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಬಾಡದಿರುವುದೇ ಜೀವದ ಗುರುತಲ್ಲ. ಬಾಡಬಲ್ಲುದೇ ಜೀವದ ಗುರುತು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲಿ ದಶಕಗಳ ಕಾಲ ಕೆಡದೆ ಉಳಿಯಬಲ್ಲುದು. ಆ ದಶಕಗಳಲ್ಲಿ ಅದು ಕಲ್ಲಿನ ಬಳ್ಳಿಯೇ ಸರಿ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಕೆಗಳನ್ನು ನೋಡಿದವರಿಗೆ ವೈರಸ್ಸಿನ ರಚನೆಯೂ ಸುಲಭವಾಗಿ ಅರ್ಥವಾದೀತು. ಆನೆಯ ಸಾಲು, ಸಿಂಹದ ಸಾಲು, ಬಳ್ಳಿಯ ಸಾಲು, ಕುದುರೆ ಸವಾರರ ಸಾಲು ಹೀಗೆ ಒಂದೇ ಆಕೃತಿ ಮೈಯುದ್ದಕ್ಕೂ ಮರುಕಳಿಸುತ್ತದೆ. ವೈರಸ್ಸಿನ ಕವಚವೂ ಹಾಗೆಯೇ. ಹೊಗೆಸೊಪ್ಪಿನ ವೈರಸ್ ಒಂದು ಸಣ್ಣ ಕೋಲು; ಅದರ ಉದ್ದ ಮಿಲಿಮೀಟರಿನ ಹತ್ತು ಲಕ್ಷದ ಪಾಲುಗಳಲ್ಲಿ 300. ಒಂದೇ ಬಗೆಯ ಸುಮಾರು 2130 ಪ್ರೋಟೀನು ತುಣುಕುಗಳು ಸುರುಳಿ ಮೆಟ್ಟಿಲಿನಂತೆ ಜೋಡಿಸಿಕೊಂಡು, ನಡುವೆ ಒಂದೇ ಎಳೆಯ ಆರ್.ಎನ್.ಎ.ಯನ್ನು ಹಿಡಿದುಕೊಂಡಿವೆ. ಆದರೆ ಹಳೇಬೀಡಿನ ಶಿಲ್ಪಿ ಎರಡು ಆನೆಗಳನ್ನು ಕಡೆಯುವಾಗಲೂ ಕೊಂಚ ವ್ಯತ್ಯಾಸವನ್ನು ತಂದಿರುತ್ತಾನೆ. ವೈರಸ್ಸಿನ ತುಣುಕುಗಳಲ್ಲಿ ಅಷ್ಟೂ ವ್ಯತ್ಯಾಸವಿಲ್ಲ. 1955ರಲ್ಲಿ ಫ್ರೆಂಕೆಲ್ ಕಾನ್ರಾಟ್ ಮತ್ತು ವಿಲಿಯಮ್ಸ್ ಎಂಬವರು ಈ ವೈರಸ್ಸಿನ ಪ್ರೋಟೀನನ್ನೂ ಆರ್.ಎನ್.ಎ.ಯನ್ನೂ ಬೇರ್ಪಡಿಸಿ, ಮತ್ತೆ ಒಂದೇ ಪಾತ್ರೆಯಲ್ಲಿ ಬೆರೆಸಿದರು. ತುಣುಕುಗಳು ತಾವಾಗಿ ಜೋಡಿಸಿಕೊಂಡು ಮತ್ತೆ ರೋಗ ತರಬಲ್ಲ ವೈರಸ್ ಆದುವು. ಒಂದು ಕೋಶವನ್ನು ಹೀಗೆ ಕಳಚಿ ಮತ್ತೆ ಕೂಡಿಸಲು ಯಾರಿಂದಲೂ ಆಗಿಲ್ಲ.

ಗಾತ್ರದಲ್ಲಿಯೂ ಇವೆರಡಕ್ಕೆ ಎಲ್ಲಿಯ ಸಾಟಿ! ಆಲೂಗಡ್ಡೆಯ ಎಲೆಸುರುಳಿ ವೈರಸ್ ಒಂದು ಪುಟ್ಟ ಚೆಂಡಿನಂತಿದ್ದು, ಅದರ ಅಡ್ಡಳತೆ ಸುಮಾರು 25 ನ್ಯಾನೊಮೀಟರ್. ಎಲೆಯ ಕೋಶವೊಂದನ್ನು 40 ಮೀಟರ್ ಉದ್ದದ ದೇವಾಲಯದ ಜಗತಿಯಷ್ಟು ಹಿಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಹಿಗ್ಗಿದ ವೈರಸ್ ಒಂದು ನಾಣ್ಯದ ಅಗಲವಾದೀತು. ಕೋಶದೊಳಗೆ ಕೆಲಸಮಾಡುವ ಒಂದು ರೈಬೋಸೋಮಿನ ಗಾತ್ರವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ದಾಳಿಗೆ ಬಂದವನು ನಗರದ ಒಬ್ಬ ಶಿಲ್ಪಿಗಿಂತ ದೊಡ್ಡವನಲ್ಲ. 2011ರಲ್ಲಿ ವಿಜ್ಞಾನಿಗಳು ಆಲೂಗಡ್ಡೆಯ ಡಿ.ಎನ್.ಎ.ಯನ್ನು ಓದಿ ಪ್ರಕಟಿಸಿದಾಗ ಆ ಬರಹದಲ್ಲಿ ಸುಮಾರು 84 ಕೋಟಿ ಅಕ್ಷರಗಳೂ ಸುಮಾರು 39 ಸಾವಿರ ಜೀನುಗಳೂ ಇದ್ದುವು. ಎಲೆಸುರುಳಿ ವೈರಸ್ಸಿನ ಬರಹ 6 ಸಾವಿರ ಅಕ್ಷರಗಳನ್ನೂ ಮುಟ್ಟುವುದಿಲ್ಲ. ಗ್ರಂಥಭಂಡಾರವೊಂದನ್ನು ಮಡಿಚಿದ ಚೀಟಿಯೊಂದು ಹಾಳುಮಾಡುತ್ತದೆ.

ಆ ಚೀಟಿ ಒಳಗೆ ಹೋಗುವ ಬಗೆ ಹೇಗೆ? ಮನುಷ್ಯನ ಕೋಶಕ್ಕೆ ಗೋಡೆಯಿಲ್ಲ, ಪೊರೆ ಮಾತ್ರ ಇದೆ. ಅವನನ್ನು ಕಾಡುವ ವೈರಸ್ಸುಗಳು ಆ ಪೊರೆಗೆ ಅಂಟಿಕೊಂಡು ಒಳಸೇರಬಲ್ಲವು. ಗಿಡದ ಕೋಶಕ್ಕೆ ಕೋಟೆಯಿದೆ. ಅದನ್ನು ಒಡೆಯುವ ಶಕ್ತಿ ಗಿಡದ ವೈರಸ್ಸಿಗೆ ಇಲ್ಲ. ಯಾವುದಾದರೂ ಗಾಯದ ಮೂಲಕವೋ, ಯಾರಾದರೂ ಹೊತ್ತು ತಂದೋ ಅದು ಒಳಗೆ ಸೇರಬೇಕು. ಬೇಲೂರಿನ ಮದನಿಕೆಯೊಬ್ಬಳ ಮೇಲಣ ಚಪ್ಪರದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದನ್ನು ಹಿಡಿಯಲು ಹೊಂಚುವ ಹಲ್ಲಿಯನ್ನೂ ಮಾರ್ಗದರ್ಶಿಗಳು ಕೋಲಿನ ತುದಿಯಿಂದ ತೋರಿಸುತ್ತಾರೆ. ಎಲೆಯಿದ್ದಲ್ಲಿ ಕೀಟವಿರುತ್ತದೆಂಬುದನ್ನು ಹೊಯ್ಸಳರ ಶಿಲ್ಪಿ ಮರೆತಿರಲಿಲ್ಲ. ಆಲೂಗಡ್ಡೆಯ ಹೊಲದಲ್ಲಿ ಈ ಕಾರ್ಯವನ್ನು ಮಾಡುವುದು ಹಸಿರು ಬಣ್ಣದ ಸಣ್ಣ ಗಿಡಹೇನು. ಅದು ತನ್ನ ಸೂಜಿಯಂಥ ಕೊಂಡಿಯನ್ನು ಎಲೆಯ ಆಹಾರನಾಳಕ್ಕೆ ಇಳಿಸಿ ಗಂಟೆಗಟ್ಟಲೆ ರಸವನ್ನು ಹೀರುತ್ತದೆ. ರೋಗದ ಗಿಡದಿಂದ ಹೀರಿದ ವೈರಸ್ ಅದರ ಮೈಯೊಳಗೆ ಸುತ್ತಿ ಜೊಲ್ಲಿಗೆ ಬರುತ್ತದೆ. ಆಮೇಲೆ ಬದುಕಿರುವಷ್ಟು ಕಾಲವೂ ಅದು ಕುಳಿತ ಗಿಡಗಳಿಗೆ ರೋಗವನ್ನು ಹಂಚುತ್ತದೆ. ಅರಸೀಕೆರೆಯ ನಿಲ್ದಾಣದ ಪಕ್ಕದ ಹಳಿಯ ಮೇಲೆ ನಿಂತ ಎಂಜಿನಿಲ್ಲದ ಗಾಡಿ ಹೇಗೆ ತಾನಾಗಿ ಒಂದು ಮಾರು ಚಲಿಸಲಾರದೋ, ವೈರಸ್ಸೂ ಹಾಗೆಯೇ. ಎಳೆಯುವವರು ಬೇಕು.

ಒಳಗೆ ಸೇರಿದ ಮೇಲೆ ನಡೆಯುವುದು ಯುದ್ಧವಲ್ಲ, ವಂಚನೆ. 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರದ ಮೇಲೆ ಬಂದಂತೆ ಅದು ಬರುವುದಿಲ್ಲ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಅಂತಹ ಶಿಲ್ಪಿಗಳ ಕಮ್ಮಟಕ್ಕೆ ಯಾರೋ ಒಬ್ಬ, ಅರಮನೆಯ ಓಲೆಯಂತೆಯೇ ಕಾಣುವ ಖೋಟಾ ಓಲೆಯೊಂದನ್ನು ತಂದು ಹಾಕಿದನೆಂದು ಊಹಿಸಬಹುದು. ಅದರಲ್ಲಿ ಬರೆದಿರುವುದು ಇಷ್ಟೇ: ಈ ಓಲೆಯ ನಕಲುಗಳನ್ನು ಮಾಡಿರಿ, ಅವನ್ನಿಡಲು ಪೆಟ್ಟಿಗೆಗಳನ್ನು ಮಾಡಿರಿ, ಪಕ್ಕದ ಊರಿಗೆ ಸಾಗಿಸಿರಿ. ಓಲೆಯ ನಿಜ ಸುಳ್ಳನ್ನು ಅರಿಯದ ಶಿಲ್ಪಿಗಳು ಅರಮನೆಯ ಕಲ್ಲನ್ನೂ ಅರಮನೆಯ ಅಕ್ಕಿಯನ್ನೂ ಬಳಸಿ ಅದೇ ಕೆಲಸದಲ್ಲಿ ತೊಡಗುತ್ತಾರೆ. ವೈರಸ್ಸಿನ ಆರ್.ಎನ್.ಎ.ಯನ್ನು ಕೋಶದ ರೈಬೋಸೋಮುಗಳು ಹೀಗೆಯೇ ಓದುತ್ತವೆ. ವೈರಸ್ ಬೆಳೆಯುವುದಿಲ್ಲ, ಒಡೆದು ಎರಡಾಗುವುದಿಲ್ಲ. ಅದನ್ನು ಬಿಡಿಭಾಗಗಳಿಂದ ಜೋಡಿಸಲಾಗುತ್ತದೆ. ಮಾಡಿಕೊಡುವುದು ಗಿಡವೇ. ಒಂದು ಕೋಶದಿಂದ ಮತ್ತೊಂದಕ್ಕೆ ಸಾಮಗ್ರಿ ಸಾಗಲೆಂದು ಗೋಡೆಗಳಲ್ಲಿರುವ ಅತಿಸೂಕ್ಷ್ಮ ಕಂಡಿಗಳನ್ನು ಹಿಗ್ಗಿಸುವ ಒಂದು ಪ್ರೋಟೀನನ್ನೂ ಹಲವು ವೈರಸ್ಸುಗಳು ಮಾಡಿಸಿಕೊಂಡು ನೆರೆಯ ಕೋಶಕ್ಕೆ ದಾಟುತ್ತವೆ.

ಎಲೆ ಸುರುಳಿಯಾಗುವುದು ಏಕೆಂಬುದೂ ಇಲ್ಲಿ ತಿಳಿಯುತ್ತದೆ. ಈ ವೈರಸ್ ನೆಲೆಸುವುದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗಡ್ಡೆಗೆ ಇಳಿಸುವ ಆಹಾರನಾಳಗಳಲ್ಲಿ. ನಾಳ ಕೆಟ್ಟರೆ ಸಕ್ಕರೆ ಇಳಿಯುವುದಿಲ್ಲ. ಅದು ಎಲೆಯಲ್ಲಿಯೇ ಪಿಷ್ಟವಾಗಿ ತುಂಬಿಕೊಳ್ಳುತ್ತದೆ. ಎಲೆ ಬಿರುಸಾಗಿ ಮಡಿಚಿಕೊಳ್ಳುತ್ತದೆ. ಅತ್ತ ಮಣ್ಣಿನೊಳಗಿನ ಗಡ್ಡೆ ಹಸಿದು ಗೋಲಿಯಾಗಿಯೇ ಉಳಿಯುತ್ತದೆ. ದುಡಿಮೆಯೆಲ್ಲ ಮನೆಗೆ ಮುಟ್ಟದೆ ದಾರಿಯಲ್ಲಿ ಸಿಕ್ಕಿಬಿದ್ದ ಸಂಸಾರದ ಸ್ಥಿತಿ ಅದು.

ಜೀವ ನಿರ್ಜೀವಗಳ ನಡುವಣ ಗೆರೆ ಇಷ್ಟು ನೇರವಾಗಿದೆಯೇ ಎಂದು ಕೇಳುವವರೂ ಉಂಟು. ಗೆರೆಯ ಹತ್ತಿರ ಕೆಲವು ವಿಚಿತ್ರಗಳಿವೆ. ಶ್ರೀಗಂಧದ ಮರಗಳ ಎಲೆಗಳನ್ನು ಮೊಳೆಯಂತೆ ಕಿರಿದಾಗಿಸಿ ಕೊಲ್ಲುವ ಸ್ಪೈಕ್ ರೋಗ ಕೊಡಗಿನಲ್ಲಿ 1899ರಲ್ಲಿ ಮೊದಲು ಗಮನಕ್ಕೆ ಬಂದಿತು. ಬಹುಕಾಲ ಅದನ್ನು ವೈರಸ್ಸಿನ ರೋಗವೆಂದೇ ನಂಬಲಾಗಿತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ವೈರಸ್ಸಲ್ಲ. ಗೋಡೆಯಿಲ್ಲದ ಅತಿ ಸಣ್ಣ ಜೀವಕೋಶಗಳು. ಅವುಗಳಿಗೆ ಸ್ವಂತ ರೈಬೋಸೋಮುಗಳಿವೆ. ಆದುದರಿಂದಲೇ ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಮರಕ್ಕೆ ಉಣಿಸಿದಾಗ ರೋಗ ಕೆಲಕಾಲವಾದರೂ ಹಿಮ್ಮೆಟ್ಟುತ್ತದೆ. ಎಲೆಸುರುಳಿ ವೈರಸ್ಸಿಗೆ ಅದೇ ಔಷಧವನ್ನು ಕೊಡ ತುಂಬ ಸುರಿದರೂ ಫಲವಿಲ್ಲ. ಇತ್ತ, ವೈರಸ್ಸಿಗಿಂತಲೂ ಬಡವಾದುದೂ ಇದೆ. 1971ರಲ್ಲಿ ಡೀನರ್ ಎಂಬ ವಿಜ್ಞಾನಿ ಆಲೂಗಡ್ಡೆಯಲ್ಲಿಯೇ ಕವಚವಿಲ್ಲದ ಬರಿಯ ಆರ್.ಎನ್.ಎ. ರೋಗಕಾರಕವನ್ನು ಕಂಡು ಅದಕ್ಕೆ ವೈರಾಯ್ಡ್ ಎಂದು ಹೆಸರಿಟ್ಟನು. ಫಿಲಿಪ್ಪೀನ್ಸ್ ದೇಶದಲ್ಲಿ ಲಕ್ಷಾಂತರ ತೆಂಗಿನ ಮರಗಳನ್ನು ಕೊಂದ ಕಡಂಗ್‌ಕಡಂಗ್ ಎಂಬ ರೋಗಕ್ಕೆ ಕಾರಣವಾದ ವೈರಾಯ್ಡಿನ ಬರಹ ಕೇವಲ 246 ಅಕ್ಷರಗಳದು. ಅರಸೀಕೆರೆಯ ತೆಂಗಿನ ತೋಟಗಳಿಗೆ ಅಣಬೆರೋಗದ ಕಾಟವೂ ನುಸಿಯ ಕಾಟವೂ ಸಾಕಷ್ಟಿದೆ. ಅಣಬೆ ಶಿಲೀಂಧ್ರ, ನುಸಿ ಪ್ರಾಣಿ, ಎರಡೂ ಕೋಶವುಳ್ಳ ಜೀವಿಗಳು. ಮತ್ತೊಂದು ಕೊನೆಯಲ್ಲಿ, ಅಮೀಬದೊಳಗೆ ಬೆಳೆಯುವ, ಕೆಲವು ಬ್ಯಾಕ್ಟೀರಿಯಗಳಿಗಿಂತಲೂ ದೊಡ್ಡದಾದ ಮಿಮಿವೈರಸ್ ಎಂಬುದನ್ನು 2003ರಲ್ಲಿ ಗುರುತಿಸಲಾಯಿತು. ಗಾತ್ರ ದೊಡ್ಡದಾದರೂ ಅದಕ್ಕೂ ಸ್ವಂತ ರೈಬೋಸೋಮಿಲ್ಲ. ಶಿಲ್ಪಿಯಿಲ್ಲದ ಮೇಲೆ ಓಲೆ ಎಷ್ಟು ಉದ್ದವಿದ್ದರೇನು?

ವ್ಯತ್ಯಾಸದ ತಿರುಳು ಇಲ್ಲಿದೆ. ಕೋಶಕ್ಕೆ ಬರಹವೂ ಇದೆ, ಬರಹವನ್ನು ಓದಿ ನಡೆಸುವ ಕೈಯೂ ಇದೆ. ವೈರಸ್ಸಿಗೆ ಬರಹ ಮಾತ್ರ ಇದೆ. ಕೋಶದಲ್ಲಿ ಡಿ.ಎನ್.ಎ. ಆರ್.ಎನ್.ಎ. ಎರಡೂ ಇರುತ್ತವೆ, ವೈರಸ್ಸಿನ ಬರಹಕ್ಕೆ ಎರಡರಲ್ಲಿ ಒಂದು ಸಾಕು. ಕೋಶ ತನ್ನ ಶಕ್ತಿಯನ್ನು ತಾನೇ ಗಳಿಸುತ್ತದೆ. ವೈರಸ್ಸಿಗೆ ಒಲೆಯಿಲ್ಲ, ಹಸಿವಿಲ್ಲ, ಉಸಿರಿಲ್ಲ.

ಇದು ಪಾಠಪುಸ್ತಕದ ಮಾತಾಗಿಯೇ ಉಳಿದಿದ್ದರೆ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಔಷಧವೆಂಬುದು ಕೆಲಸ ಮಾಡುವುದು ಶತ್ರುವಿನ ಬಾಳಿನ ಯಾವುದಾದರೊಂದು ಕ್ರಿಯೆಯನ್ನು ತಡೆದು. ಬ್ಯಾಕ್ಟೀರಿಯದ ಗೋಡೆಯನ್ನು ಕಟ್ಟಗೊಡದಿರುವುದು, ಅದರ ರೈಬೋಸೋಮನ್ನು ನಿಲ್ಲಿಸುವುದು, ಶಿಲೀಂಧ್ರದ ಉಸಿರನ್ನು ಕಟ್ಟುವುದು ಇವೆಲ್ಲ ಸಾಧ್ಯ. ಗೋಡೆಯೇ ಇಲ್ಲದ, ರೈಬೋಸೋಮೇ ಇಲ್ಲದ, ಉಸಿರೇ ಇಲ್ಲದ ವೈರಸ್ಸಿಗೆ ಇವು ತಗಲುವುದೆಲ್ಲಿ? ಮಗುವಿಗೆ ನೆಗಡಿ ಬಂದೊಡನೆ ಆಂಟಿಬಯಾಟಿಕ್ ಬರೆದುಕೊಡಿರೆಂದು ವೈದ್ಯರನ್ನು ಒತ್ತಾಯಿಸುವ ತಾಯಿತಂದೆಯರೂ, ಎಲೆಸುರುಳಿಗೆ ಔಷಧ ಕೇಳುವ ರೈತನೂ ಒಂದೇ ಬಾಗಿಲನ್ನು ತಟ್ಟುತ್ತಿರುತ್ತಾರೆ. ಮನುಷ್ಯರ ಕೆಲವು ವೈರಸ್ಸುಗಳಿಗೆ ವಿಶೇಷ ಔಷಧಗಳೂ ಲಸಿಕೆಗಳೂ ಬಂದಿವೆ. ಗಿಡಕ್ಕೆ ಲಸಿಕೆಯನ್ನು ನೆನಪಿಟ್ಟುಕೊಳ್ಳುವ ರಕ್ತವಿಲ್ಲ. ಹೊರಗಿನ ಆರ್.ಎನ್.ಎ.ಯನ್ನು ಗುರುತಿಸಿ ಕತ್ತರಿಸಿಹಾಕುವ ಒಂದು ಕ್ರಮ ಗಿಡದ ಕೋಶದಲ್ಲಿಯೂ ಇದೆಯೆಂದು 1990ರ ದಶಕದ ಸಂಶೋಧನೆಗಳು ತೋರಿಸಿದುವು. ಆದರೆ ಅದನ್ನು ಮಣಿಸುವ ಪ್ರೋಟೀನುಗಳನ್ನು ವೈರಸ್ಸುಗಳೂ ಮಾಡಿಸಿಕೊಳ್ಳುತ್ತವೆ.

ಹಾಗಾದರೆ ರೈತನಿಗೆ ದಾರಿಯೇ ಇಲ್ಲವೇ? ಇದೆ; ಆದರೆ ಅದು ಔಷಧದ ಅಂಗಡಿಯಿಂದ ಆರಂಭವಾಗುವುದಿಲ್ಲ. ಹಾಸನ ಜಿಲ್ಲೆಯ ಮಾರುಕಟ್ಟೆಗೆ ಬೇಸಗೆಯ ಕೊನೆಯಲ್ಲಿ ದೂರದ ಪಂಜಾಬಿನ ಜಾಲಂಧರದಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದು ನಿಲ್ಲುತ್ತವೆ. ಮನೆಯಲ್ಲಿಯೇ ಬೆಳೆದ ಗಡ್ಡೆಯಿರುವಾಗ ಸಾವಿರಾರು ಮೈಲಿಗಳಿಂದ ಬಿತ್ತನೆ ತರುವುದೇಕೆ ಎಂದು ಪೇಟೆಯವರಿಗೆ ಆಶ್ಚರ್ಯವಾಗಬಹುದು. ಆಲೂಗಡ್ಡೆಯನ್ನು ಬೀಜದಿಂದ ಬೆಳೆಸುವುದು ಅಪರೂಪ, ಗಡ್ಡೆಯನ್ನೇ ನೆಡುತ್ತಾರೆ. ಗಡ್ಡೆ ತಾಯಿಗಿಡದ ಒಂದು ತುಂಡು. ತಾಯಿಯಲ್ಲಿದ್ದ ವೈರಸ್ ಗಡ್ಡೆಯಲ್ಲಿಯೂ ಇರುತ್ತದೆ. ವರ್ಷದಿಂದ ವರ್ಷಕ್ಕೆ ಅದೇ ಗಡ್ಡೆಯನ್ನು ನೆಟ್ಟರೆ ರೋಗ ಬಡ್ಡಿಯಂತೆ ಬೆಳೆಯುತ್ತದೆ. 1949ರಲ್ಲಿ ಸ್ಥಾಪಿತವಾಗಿ, ಆಮೇಲೆ ಶಿಮ್ಲಾದಲ್ಲಿ ನೆಲೆಸಿದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾಲಯದ ಪುಷ್ಕರನಾಥ್ ಅವರು 1950ರ ದಶಕದ ಕೊನೆಯಲ್ಲಿ ಒಂದು ಸರಳವಾದ ಉಪಾಯವನ್ನು ರೂಪಿಸಿದರು. ವಾಯವ್ಯ ಬಯಲಿನಲ್ಲಿ ಚಳಿಗಾಲದ ಮೊದಲ ಭಾಗದಲ್ಲಿ ಗಿಡಹೇನುಗಳು ಬಹಳ ಕಡಿಮೆ. ಅಕ್ಟೋಬರಿನಲ್ಲಿ ನೆಟ್ಟು, ಹೇನುಗಳು ಹೆಚ್ಚುವ ಮುನ್ನ ಸೊಪ್ಪನ್ನೆಲ್ಲ ಕತ್ತರಿಸಿಬಿಟ್ಟರೆ, ಮಣ್ಣಿನೊಳಗಿನ ಗಡ್ಡೆಗೆ ವೈರಸ್ ಇಳಿಯಲು ಅವಕಾಶವೇ ಇರದು. ಶತ್ರುವನ್ನು ಕೊಲ್ಲಲಾಗದಿದ್ದರೆ ಅವನ ವಾಹನ ಬರುವ ಮುನ್ನ ಬಾಗಿಲನ್ನು ಮುಚ್ಚುವುದು, ಅಷ್ಟೇ ಅದರ ಗುಟ್ಟು. ಹಾಸನದ ಸೀಮೆಯ ರೈತ ಲಾರಿಯ ಬಾಡಿಗೆಯಲ್ಲಿ ಕೊಳ್ಳುವುದು ಒಂದು ಅರ್ಥದಲ್ಲಿ ಪಂಜಾಬಿನ ಚಳಿಯನ್ನು.

ಇನ್ನೊಂದು ಉಪಾಯ ಪ್ರಯೋಗಾಲಯದ್ದು. ಗಿಡದ ಕುಡಿಯ ತುತ್ತತುದಿಯಲ್ಲಿ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರುತ್ತವೆ. ಅಲ್ಲಿಗೆ ಆಹಾರನಾಳ ಇನ್ನೂ ತಲಪಿರುವುದಿಲ್ಲ, ವೈರಸ್ಸೂ ಸಾಮಾನ್ಯವಾಗಿ ತಲಪಿರುವುದಿಲ್ಲ. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ಡೇಲಿಯ ಗಿಡದಿಂದಲೂ, ಬಳಿಕ 1955ರಲ್ಲಿ ಆಲೂಗಡ್ಡೆಯಿಂದಲೂ ಆ ಕೂದಲೆಳೆಯಷ್ಟು ತುದಿಯನ್ನು ಕತ್ತರಿಸಿ ಗಾಜಿನ ನಳಿಗೆಯಲ್ಲಿ ಬೆಳೆಸಿ, ರೋಗವುಳ್ಳ ಗಿಡದಿಂದಲೇ ರೋಗವಿಲ್ಲದ ಗಿಡಗಳನ್ನು ಪಡೆದರು. ಜೀವಕೋಶಕ್ಕೂ ವೈರಸ್ಸಿಗೂ ಇರುವ ಭೇದ ಇದಕ್ಕಿಂತ ಚೆಲುವಾಗಿ ಬೇರೆಲ್ಲೂ ಪ್ರಕಟವಾಗುವುದಿಲ್ಲ. ಕೆಲವೇ ಕೋಶಗಳಿಂದ ಒಂದು ವಂಶ ಮತ್ತೆ ಎದ್ದು ನಿಲ್ಲುತ್ತದೆ. ಕೋಟಿ ವೈರಸ್ಸುಗಳನ್ನು ಅದೇ ನಳಿಗೆಯಲ್ಲಿ ಬಿಟ್ಟರೆ, ವರ್ಷ ಕಳೆದರೂ ಕೋಟಿಯ ಮೇಲೆ ಒಂದು ಹೆಚ್ಚುವುದಿಲ್ಲ.

ಹೊಲದಲ್ಲಿ ಉಳಿಯುವ ಕೆಲಸ ಮಾತ್ರ ಕಠಿನ. ಬೆಳೆಯ ಆರಂಭದಲ್ಲಿಯೇ ಸಾಲುಸಾಲಾಗಿ ನಡೆದು, ಎಲೆ ಸುರುಳಿಯಾದ ಗಿಡವನ್ನು ಗಡ್ಡೆಸಹಿತ ಕಿತ್ತು ಹೊರಗೆ ಹಾಕಬೇಕು. ಕೀಟನಾಶಕ ಸಿಂಪಡಿಸಿದರೆ ಹೇನು ಸಾಯುತ್ತದೆ, ಎಲೆಸುರುಳಿಯ ಹರಡುವಿಕೆ ತಗ್ಗುತ್ತದೆ. ಆದರೆ ಕ್ಷಣಮಾತ್ರದ ಚುಚ್ಚುವಿಕೆಯಿಂದಲೇ ದಾಟಿಬಿಡುವ ವೈ ವೈರಸ್ ಎಂಬ ಮತ್ತೊಂದಕ್ಕೆ ಅದೂ ಸಾಲದು. ಕೀಳಬೇಕಾದ ಗಿಡವೋ ಇನ್ನೂ ಹಸಿರಾಗಿರುತ್ತದೆ. ಕೆಲವೊಮ್ಮೆ ಹೂವನ್ನೂ ಬಿಟ್ಟಿರುತ್ತದೆ. ನೆಟ್ಟ ಕೈಗೆ ಅದನ್ನು ಕೀಳಲು ಮನಸ್ಸು ಬಾರದು. ನಾಲ್ಕು ಗೋಲಿಯಾದರೂ ಸಿಕ್ಕೀತು, ಇರಲಿ ಬಿಡು ಎನ್ನುವ ಹೆಂಡತಿಯ ಮಾತಿನಲ್ಲಿ ಲೋಭವಿಲ್ಲ, ಕನಿಕರವಿದೆ. ಆದರೆ ಹಾಗೆ ಬಿಟ್ಟ ಒಂದು ಗಿಡದ ಮೇಲೆ ಕುಳಿತ ಹೇನು ನಾಳೆ ನೆರೆಯ ಸಾಲಿನಲ್ಲಿರುತ್ತದೆ, ನಾಡಿದ್ದು ನೆರೆಯವನ ಹೊಲದಲ್ಲಿ. ಜೀವವಿಲ್ಲದುದನ್ನು ಕೊಲ್ಲಲಾಗದು, ಆದುದರಿಂದ ಜೀವವುಳ್ಳ ಗಿಡವನ್ನೇ ಬಲಿಕೊಡಬೇಕಾಗುತ್ತದೆ. ಕೀಳುವವರಿಗೆ ಅದರ ಕಾರಣ ತಿಳಿದಿದ್ದರೆ ಆ ಕೆಲಸ ಕ್ರೌರ್ಯವೆನಿಸದೆ ಕಾವಲೆನಿಸುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಕಲ್ಲಿನ ಬಳ್ಳಿಯನ್ನು ಕಾಪಾಡುವ ಹೊಣೆ ಹಾಗೆ ಲೋಕದ್ದೇ ಆಯಿತು. ಅದು ಯೋಗ್ಯವೂ ಹೌದು. ಅದರ ಕೂಗಳತೆಯ ಹೊಲದಲ್ಲಿರುವ ಹಸಿರು ಗಿಡಕ್ಕೆ ಬೇರೆ ಕಾವಲುಗಾರರಿಲ್ಲ. ಮೂರು ತಿಂಗಳ ಅದರ ಬಾಳಿನಲ್ಲಿ ಒಂದೊಂದು ಕೋಶವೂ ಬೆಳಕನ್ನು ಸಕ್ಕರೆಮಾಡಿ, ಸಕ್ಕರೆಯನ್ನು ಮಣ್ಣಿನೊಳಕ್ಕೆ ಇಳಿಸಿ, ಯಾರದೋ ಮನೆಯ ಊಟಕ್ಕೂ ಯಾರದೋ ಸಾಲದ ಕಂತಿಗೂ ಒದಗುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಸಾಲಿನಲ್ಲಿ ಬಗ್ಗಿ ಒಂದೊಂದೇ ಎಲೆಯನ್ನು ಹೊರಳಿಸಿ ನೋಡುವ ಒಂದು ಜೊತೆ ಕಣ್ಣು, ಅದಕ್ಕೆ ಅಷ್ಟೇ ರಕ್ಷೆ.